ಯಂತ್ರಕ್ಕೆ ತಕ್ಕ ತುದಿ: ರಾಬರ್ಟ್ ಬಾಷ್

ಮಕ್ಕಳೇ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹೊಸ ಮನೆ ಕಟ್ಟುವುದನ್ನು ನೀವು ನೋಡಿರುತ್ತೀರಿ. ಜಂಬಿಟ್ಟಿಗೆ ಗೋಡೆಗೆ ಡ್ರಿಲ್ ಯಂತ್ರ ಗಡಗಡ ಎಂದು ತೂತು ಕೊರೆಯುತ್ತದೆ. ಗ್ರೈಂಡರ್ ಕಿಡಿ ಹಾರಿಸುತ್ತಾ ಕಬ್ಬಿಣದ ಸರಳನ್ನು ಕತ್ತರಿಸುತ್ತದೆ. ಇವೆಲ್ಲ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಗಳು. ಹಿಂದೆ ಇದೇ ಕೆಲಸವನ್ನು ಬೈರಿಗೆ, ಉಳಿ, ಸುತ್ತಿಗೆಗಳಿಂದ ತೋಳಿನ ಬಲದಲ್ಲೇ ಮಾಡಬೇಕಿತ್ತು. ವಿದ್ಯುತ್ ಬಲವನ್ನು ಕೆಲಸಗಾರನ ಅಂಗೈಗೆ ತಂದವರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಪ್ರಮುಖರು. ಅವರ ಜೀವನವನ್ನು ತಿಳಿಯೋಣ.

ಬಾಲ್ಯ ಮತ್ತು ಕಲಿಕೆ

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಜರ್ಮನಿಯ ಉಲ್ಮ್ ನಗರದ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯ ಮಾಡುತ್ತಿದ್ದರು, ಒಂದು ಛತ್ರವನ್ನೂ ನಡೆಸುತ್ತಿದ್ದರು. ಹನ್ನೆರಡು ಮಕ್ಕಳಲ್ಲಿ ರಾಬರ್ಟ್ ಹನ್ನೊಂದನೆಯವರು. ಶಾಲೆ ಮುಗಿದ ಮೇಲೆ ಉಲ್ಮ್ ನಗರದಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಸೇರಿದರು. ಬಳಿಕ ಹಲವು ಕಾರ್ಖಾನೆಗಳಲ್ಲಿ ದುಡಿದು, 1884ರಲ್ಲಿ ಅಮೆರಿಕಕ್ಕೆ ಹೋಗಿ ಥಾಮಸ್ ಎಡಿಸನ್ನರ ಸಂಸ್ಥೆಯಲ್ಲೂ ಕೆಲಸ ಮಾಡಿದರು. ಅದು ವಿದ್ಯುತ್ ದೀಪ ಆಗಷ್ಟೇ ಬೆಳಗತೊಡಗಿದ್ದ ಕಾಲ.

1886ರ ನವೆಂಬರ್ 15ರಂದು ಬಾಷ್ ಸ್ಟಟ್‌ಗಾರ್ಟ್ ನಗರದಲ್ಲಿ ಸ್ವಂತ ಕಾರ್ಯಾಗಾರ ತೆರೆದರು. ಅವರ ಜೊತೆ ಇದ್ದವರು ಒಬ್ಬ ಕುಶಲ ಕೆಲಸಗಾರ ಮತ್ತು ಒಬ್ಬ ಸಹಾಯಕ ಹುಡುಗ ಮಾತ್ರ. ವಿದ್ಯುತ್ ಗಂಟೆ, ಟೆಲಿಫೋನ್ ಜೋಡಣೆಯಂಥ ಸಣ್ಣಪುಟ್ಟ ಕೆಲಸಗಳೇ ಆರಂಭದ ಆದಾಯ. ಎಂಜಿನ್ನಿನೊಳಗೆ ಇಂಧನ ಉರಿಯಲು ಕಿಡಿ ಬೇಕು. ಆ ಕಿಡಿಯನ್ನು ಕೊಡುವ ಮ್ಯಾಗ್ನೆಟೊ ಎಂಬ ಸಾಧನವನ್ನು ಅವರ ಕಾರ್ಯಾಗಾರ ಉತ್ತಮಪಡಿಸಿ, 1897ರಲ್ಲಿ ಮೊದಲ ಬಾರಿ ಒಂದು ಮೋಟಾರು ವಾಹನಕ್ಕೆ ಅಳವಡಿಸಿತು. 1902ರಲ್ಲಿ ಸ್ಪಾರ್ಕ್ ಪ್ಲಗ್ ಸಹಿತ ಹೊಸ ಮ್ಯಾಗ್ನೆಟೊ ಬಂತು. ಅದರಿಂದ ಸಂಸ್ಥೆ ಬೇರೆ ದೇಶಗಳಲ್ಲೂ ಹೆಸರಾಯಿತು.

ಬಾಷ್ ಕೆಲಸಗಾರರ ದುಡಿಮೆಯ ಸಮಯದ ಬಗ್ಗೆಯೂ ಯೋಚಿಸಿದರು. 1906ರಲ್ಲಿಯೇ ತಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆಯ ಕೆಲಸವನ್ನು ಜಾರಿಗೆ ತಂದರು. ಆಗ ಬೇರೆಡೆ ಕಾರ್ಮಿಕರು ಅದಕ್ಕಿಂತ ಹೆಚ್ಚು ಹೊತ್ತು ದುಡಿಯುತ್ತಿದ್ದರು. ದಣಿದ ಕೈ ತಪ್ಪು ಮಾಡುತ್ತದೆ ಎಂಬುದು ಯಂತ್ರ ಹಿಡಿದವರಿಗೆಲ್ಲ ಗೊತ್ತಿರುವ ವಿಷಯ.

ಹಿಡಿಕೆಯೊಳಗೆ ಮೋಟಾರು

1920ರ ದಶಕದ ನಡುವೆ ಜರ್ಮನಿಯ ವಾಹನ ಉದ್ಯಮ ಕಷ್ಟಕ್ಕೆ ಸಿಕ್ಕಿತು. ವಾಹನದ ಬಿಡಿಭಾಗಗಳನ್ನೇ ನಂಬಿ ಕೂರುವಂತಿರಲಿಲ್ಲ. ಬಾಷ್ ಸಂಸ್ಥೆ ಬೇರೆ ವಸ್ತುಗಳ ತಯಾರಿಕೆಗೆ ಇಳಿಯಿತು. 1928ರಲ್ಲಿ ಬಂದ ಕೂದಲು ಕತ್ತರಿಸುವ ಯಂತ್ರದ ಹಿಡಿಕೆಯಲ್ಲೇ ಪುಟ್ಟ ಮೋಟಾರು ಇತ್ತು! 1932ರಲ್ಲಿ ಕಲ್ಲು, ಕಾಂಕ್ರೀಟು ಕೊರೆಯುವ ವಿದ್ಯುತ್ ಸುತ್ತಿಗೆ ಬಂತು.

ಆ ವರ್ಷ ನಮ್ಮ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಇನ್ನೂ ಶುರುವಾಗಿರಲಿಲ್ಲ. ಅದು ಆರಂಭವಾದದ್ದು 1948ರಲ್ಲಿ. ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು.

ಇಂದಿನ ವಿದ್ಯುತ್ ಸುತ್ತಿಗೆಯೊಳಗೆ ಮೋಟಾರು ಒಂದು ಕೊಂತವನ್ನು ಹಿಂದೆ ಮುಂದೆ ಓಡಿಸುತ್ತದೆ. ಅದರ ಮುಂದಿನ ಗಾಳಿ ಒತ್ತಿಕೊಂಡು ಇನ್ನೊಂದು ಉಕ್ಕಿನ ತುಂಡನ್ನು ರಭಸದಿಂದ ತಳ್ಳುತ್ತದೆ. ಆ ತುಂಡು ಬಿಟ್‌ನ ಹಿಂಬದಿಗೆ ಬಡಿಯುತ್ತದೆ. ಬಿಟ್ ಎಂದರೆ ಯಂತ್ರದ ಬಾಯಿಗೆ ಸಿಕ್ಕಿಸುವ, ತೂತು ಕೊರೆಯುವ ಕಡ್ಡಿ. ಅದು ತಿರುಗುತ್ತಲೇ ಏಟು ತಿನ್ನುವುದರಿಂದ ಕಲ್ಲು ಪುಡಿಯಾಗುತ್ತಾ ಹೋಗುತ್ತದೆ.

ಯಾವ ಕೆಲಸಕ್ಕೆ ಯಾವ ಬಿಟ್?

ಯಂತ್ರ ಎಷ್ಟೇ ಬಲವಾಗಿರಲಿ, ವಸ್ತುವನ್ನು ಮುಟ್ಟುವುದು ಬಿಟ್‌ನ ತುದಿ ಮಾತ್ರ. ಆದ್ದರಿಂದ ತುದಿಯ ಆಯ್ಕೆ ಮುಖ್ಯ.

ಮರದ ಬಿಟ್‌ನ ನಡುವೆ ಚೂಪಾದ ಮೊನೆ ಇರುತ್ತದೆ. ಅದು ಹಲಗೆಯಲ್ಲಿ ಮೊದಲು ನೆಲೆ ಹಿಡಿಯುವುದರಿಂದ ಬಿಟ್ ಜಾರುವುದಿಲ್ಲ. ಕಬ್ಬಿಣಕ್ಕೆ ಹೈಸ್ಪೀಡ್ ಉಕ್ಕಿನ ಬಿಟ್ ಬೇಕು. ಕೊರೆಯುವಾಗ ಬಿಸಿಯಾದರೂ ಈ ಉಕ್ಕು ಬೇಗ ಮೆತ್ತಗಾಗದು. ಗೋಡೆ, ಕಲ್ಲು, ಕಾಂಕ್ರೀಟಿನ ಬಿಟ್‌ನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಎಂಬ ತೀರಾ ಗಟ್ಟಿಯಾದ ವಸ್ತುವಿನ ತುಂಡನ್ನು ಬೆಸೆದಿರುತ್ತಾರೆ. ಮರದ ಬಿಟ್‌ನಿಂದ ಕಲ್ಲು ಕೊರೆಯಹೋದರೆ ಅದರ ಮೊನೆ ಕ್ಷಣದಲ್ಲಿ ಮೊಂಡಾಗುತ್ತದೆ. ಮೊಂಡಾದ ಬಿಟ್ ಅನ್ನು ಬಲವಾಗಿ ಒತ್ತಿದರೆ ಅದು ಬಿಸಿಯಾಗಿ ಮುರಿಯಬಹುದು, ಯಂತ್ರವೂ ಕೈಯಿಂದ ತಿರುಚಿಕೊಳ್ಳಬಹುದು.

ಬಿಟ್‌ನ ಹಿಂಬದಿಯೂ ಯಂತ್ರದ ಬಾಯಿಗೆ ಹೊಂದಬೇಕು. ಸುತ್ತಿಗೆ ಡ್ರಿಲ್‌ಗಳಲ್ಲಿ ಕಾಣುವ, ಗಾಡಿಗಳುಳ್ಳ ಎಸ್‌ಡಿಎಸ್ ಬಿಟ್ 1975ರಲ್ಲಿ ಬಂತು. ಇದನ್ನು ಸಿಕ್ಕಿಸಲು ಕೀಲಿ ಬೇಡ, ಏಟು ಬಿದ್ದಾಗಲೂ ಇದು ಜಾರಿ ಹೊರಬೀಳದು.

ಗ್ರೈಂಡರಿನ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ನಾಲ್ಕು ಅಂಗುಲದ, ಅಂದರೆ ಸುಮಾರು 100 ಮಿಲಿಮೀಟರ್ ವ್ಯಾಸದ ಬ್ಲೇಡು ಗ್ರೈಂಡರಿನಲ್ಲಿ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ ಸುಮಾರು 183 ಸುತ್ತು ಆಯಿತು. ಬ್ಲೇಡಿನ ಪರಿಧಿ ಸುಮಾರು 31.4 ಸೆಂಟಿಮೀಟರ್. ಗುಣಿಸಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 57 ಮೀಟರ್. ಅಂದರೆ ಗಂಟೆಗೆ 200 ಕಿಲೋಮೀಟರಿಗಿಂತಲೂ ಹೆಚ್ಚು!

ಕಬ್ಬಿಣ ಕತ್ತರಿಸುವ ಬ್ಲೇಡುಗಳ ಅಂಚಿಗೆ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ವೇಗದ ಮಿತಿ ಇರುತ್ತದೆ. ಬ್ಲೇಡು ಬೇಗ ಸವೆಯುತ್ತದೆಂದು ಕೆಲವರು ಗ್ರೈಂಡರಿನ ಕವಚ ಬಿಚ್ಚಿ, ಏಳು ಅಂಗುಲದ ಬ್ಲೇಡು ಹಾಕುವುದುಂಟು. ಅಷ್ಟೇ ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಮಿತಿ ಮೀರಿದ ಬ್ಲೇಡು ಸಿಡಿದರೆ ಅದರ ಚೂರುಗಳನ್ನು ತಡೆಯಲು ಕವಚವೂ ಇರುವುದಿಲ್ಲ. ಆದ್ದರಿಂದ ಬ್ಲೇಡಿನ ಮೇಲೆ ಅಚ್ಚಾದ ಸುತ್ತುಗಳ ಸಂಖ್ಯೆ ಯಂತ್ರದ ಸುತ್ತುಗಳಿಗಿಂತ ಕಡಿಮೆ ಇರಲೇಬಾರದು. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದೂ ಅಪಾಯ. ಹಲ್ಲು ಮರಕ್ಕೆ ಕಚ್ಚಿಕೊಂಡರೆ ಯಂತ್ರ ಕೈಯ ಕಡೆಗೇ ಎಗರುತ್ತದೆ.

ಬಿಟ್ ಅಥವಾ ಬ್ಲೇಡು ಬದಲಿಸುವ ಮೊದಲು ಪ್ಲಗ್ ಕಿತ್ತಿಡಬೇಕು. ಕಣ್ಣಿಗೆ ಕನ್ನಡಕ ಬೇಕು. ಹೆಗಲ ಮೇಲೆ ಟವೆಲ್ ಇರಬಾರದು, ತಿರುಗುವ ಬಿಟ್ ಅದನ್ನು ಸುತ್ತಿಕೊಳ್ಳುತ್ತದೆ. ಗ್ರಾನೈಟ್ ಕತ್ತರಿಸುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಇದಕ್ಕೆ ತಕ್ಕ ಯಂತ್ರದಲ್ಲಿ ನೀರು ಹಾಯಿಸುತ್ತಾ ಕತ್ತರಿಸಿದರೆ ದೂಳು ಕಡಿಮೆ. ದೂಳು ತಡೆಯುವ ಒಳ್ಳೆಯ ಮಾಸ್ಕ್ ಕೂಡ ಬೇಕು.

ಕೊನೆಯ ದಿನಗಳು

1933ರಲ್ಲಿ ಹಿಟ್ಲರ್ ಜರ್ಮನಿಯ ಅಧಿಕಾರ ಹಿಡಿದ. ಬಾಷ್ ಮತ್ತು ಅವರ ಆಪ್ತರು ಕಿರುಕುಳಕ್ಕೆ ಒಳಗಾದ ಯಹೂದಿಗಳಿಗೆ ನೆರವಾದರು, ಹಿಟ್ಲರನ ವಿರೋಧಿಗಳಿಗೂ ಬೆಂಬಲ ಕೊಟ್ಟರು. ಆದರೆ ಅವರ ಸಂಸ್ಥೆಯೇ ಯುದ್ಧಕ್ಕೆ ಬೇಕಾದ ಸಾಮಗ್ರಿ ತಯಾರಿಸಿತು. ಯುದ್ಧಕಾಲದಲ್ಲಿ ಬಲವಂತದಿಂದ ಕರೆತಂದ ಜನರನ್ನು ಅದರ ಕಾರ್ಖಾನೆಗಳಲ್ಲಿ ದುಡಿಸಿದ್ದೂ ನಿಜ. ಎಂಟು ಗಂಟೆಯ ಕೆಲಸ ತಂದವರ ಸಂಸ್ಥೆಯಲ್ಲೇ ಇದು ನಡೆಯಿತು ಎಂಬುದನ್ನು ಮರೆಯುವಂತಿಲ್ಲ. ಬಾಷ್ 1942ರ ಮಾರ್ಚ್ 12ರಂದು ತೀರಿಕೊಂಡರು. ಅವರು ಸ್ಟಟ್‌ಗಾರ್ಟ್ ನಗರಕ್ಕೆ ಕೊಟ್ಟ ಆಸ್ಪತ್ರೆ 1940ರಲ್ಲಿ ತೆರೆದಿತ್ತು.

ಅವರ ಸಂಸ್ಥೆ ಕರ್ನಾಟಕಕ್ಕೂ ಬಂತು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಾರ್ಖಾನೆಯ ಹೆಸರನ್ನು ನಿಮ್ಮ ಅಜ್ಜ ಕೇಳಿರಬಹುದು. 2008ರಲ್ಲಿ ಅದಕ್ಕೆ ಬಾಷ್ ಎಂದೇ ಹೆಸರಾಯಿತು.

ನೀವೇ ಮಾಡಿ ನೋಡಿ

ನಿಮ್ಮ ಊರಿನ ಬಡಗಿ ಅಥವಾ ಗಾರೆ ಕೆಲಸದವರನ್ನು ಶಿಕ್ಷಕರೊಂದಿಗೆ ಭೇಟಿ ಮಾಡಿ. ಮರ, ಕಬ್ಬಿಣ, ಕಲ್ಲಿನ ಬಿಟ್‌ಗಳನ್ನು ತೋರಿಸಲು ಕೇಳಿ, ಅವುಗಳ ತುದಿಯ ಚಿತ್ರ ಬರೆಯಿರಿ. ಬ್ಲೇಡಿನ ಮೇಲಿನ ಸಂಖ್ಯೆಯನ್ನೂ ಗ್ರೈಂಡರಿನ ಮೇಲಿನ ಸಂಖ್ಯೆಯನ್ನೂ ಬರೆದುಕೊಂಡು ಹೋಲಿಸಿ. ಯಂತ್ರವನ್ನು ಮಾತ್ರ ನೀವು ಮುಟ್ಟಬೇಡಿ. ಎರಡು ಸಂಖ್ಯೆಗಳೂ ಹೊಂದದಿದ್ದರೆ ಅವರಿಗೆ ನಿಮ್ಮ ಲೆಕ್ಕವನ್ನು ತೋರಿಸಿ.