ಐವತ್ತರಲ್ಲಿ ಮೊದಲ ಕ್ವಿಲ್ಟ್: ಮೇರಿ ವೆಬ್‌ಸ್ಟರ್

ಕೌದಿ ಅಂದ್ರೆ ನಮಗೆಲ್ಲ ಗೊತ್ತು. ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಕೈಯಲ್ಲೇ ಹೊಲಿದ ಹೊದಿಕೆ. ಅಮೆರಿಕದಲ್ಲಿ ಇದರ ಅಕ್ಕನಂತಿರುವುದು ಕ್ವಿಲ್ಟ್. ಅದರ ವಿನ್ಯಾಸಗಳನ್ನು ಕಾಗದಕ್ಕಿಳಿಸಿ ಮನೆಮನೆಗೆ ಮುಟ್ಟಿಸಿದ ಮೊದಲಿಗರಲ್ಲಿ ಒಬ್ಬರು ಮೇರಿ ವೆಬ್‌ಸ್ಟರ್.

ಮೇರಿ ಹುಟ್ಟಿದ್ದು 1859ರಲ್ಲಿ, ಇಂಡಿಯಾನಾ ರಾಜ್ಯದ ವಾಬಾಶ್ ಎಂಬ ಊರಿನಲ್ಲಿ. 1884ರಲ್ಲಿ ಬ್ಯಾಂಕ್ ಉದ್ಯೋಗಿ ಜಾರ್ಜ್ ವೆಬ್‌ಸ್ಟರ್ ಅವರನ್ನು ಮದುವೆಯಾಗಿ ಮೇರಿಯನ್ ಎಂಬ ಊರಿಗೆ ಬಂದರು. ಮನೆ, ಮಗ, ಹೂದೋಟ ಅಂತ ವರ್ಷಗಳು ಉರುಳಿದವು. ಮೊದಲ ಕ್ವಿಲ್ಟ್ ಮಾಡಿದ್ದು 1909ರಲ್ಲಿ. ಆಗ ಅವರಿಗೆ ಐವತ್ತು ವರ್ಷ! ಬಿಳಿ ಬಟ್ಟೆಯ ಮೇಲೆ ತಿಳಿಬಣ್ಣದ ಗುಲಾಬಿಗಳು. ಹಳೇ ಕ್ವಿಲ್ಟ್‌ಗಳ ಗಾಢ ಬಣ್ಣಗಳ ಮುಂದೆ ಇದು ಹೊಸದಾಗಿ ಕಂಡಿತು.

1911ರ ಜನವರಿಯಲ್ಲಿ ಲೇಡೀಸ್ ಹೋಮ್ ಜರ್ನಲ್ ಪತ್ರಿಕೆ ಅವರ ನಾಲ್ಕು ಕ್ವಿಲ್ಟ್‌ಗಳನ್ನು ಬಣ್ಣದಲ್ಲಿ ಅಚ್ಚು ಹಾಕಿತು. ನಮಗೂ ಮಾಡಬೇಕು, ಹೇಗೆ ಅಂತ ಓದುಗರು ಕೇಳತೊಡಗಿದರು. ಮೇರಿ ಉಪಾಯ ಮಾಡಿದರು. ಹೂವು, ಎಲೆ, ಬಳ್ಳಿಗಳ ಪೂರ್ತಿ ಅಳತೆಯ ನೀಲಿನಕ್ಷೆ, ಯಾವ ತುಂಡು ಎಲ್ಲಿ ಕೂರಬೇಕೆಂದು ತೋರಿಸುವ ತೆಳುಕಾಗದ, ಜೊತೆಗೆ ಬಟ್ಟೆಯ ಮಾದರಿ. ಬೆಲೆ 50 ಸೆಂಟ್.

1915ರಲ್ಲಿ ಅವರ ಪುಸ್ತಕ ಬಂತು. ಪೂರ್ತಿ ಕ್ವಿಲ್ಟ್‌ಗಳಿಗೇ ಮೀಸಲಾದ ಅಮೆರಿಕದ ಮೊದಲ ಪುಸ್ತಕ ಅದು. 1921ರಲ್ಲಿ ಇಬ್ಬರು ಗೆಳತಿಯರ ಜೊತೆ ಪ್ರ್ಯಾಕ್ಟಿಕಲ್ ಪ್ಯಾಚ್‌ವರ್ಕ್ ಕಂಪನಿ ಕಟ್ಟಿದರು. 1942ರವರೆಗೆ ದುಡಿದು, 1956ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು. ಮೇರಿಯನ್‌ನ ಅವರ ಮನೆ ಈಗ ಕ್ವಿಲ್ಟರ್ಸ್ ಹಾಲ್ ಆಫ್ ಫೇಮ್ ಎಂಬ ಸಂಗ್ರಹಾಲಯ.

ನೂರು ವರ್ಷವಾದರೂ ಆ ಗುಲಾಬಿ ಮತ್ತೆ ಅರಳುತ್ತೆ. ನಕ್ಷೆಯಿಂದ ದಳವನ್ನು ಬಟ್ಟೆಗೆ ಇಳಿಸಿಕೊಂಡು, ಅಂಚಿಗೆ ಕಾಲು ಇಂಚು ಬಿಟ್ಟು ಕತ್ತರಿಸಬೇಕು. ಬಿಟ್ಟ ಅಂಚನ್ನು ಒಳಗೆ ಮಡಚಿ, ದಾರ ಕಾಣದ ಹಾಗೆ ಹೊಲಿಯಬೇಕು. ಕೊನೆಗೆ ಮೇಲ್ಬಟ್ಟೆ, ಹತ್ತಿ, ಅಡಿಬಟ್ಟೆ ಮೂರನ್ನೂ ಸೇರಿಸಿ ಹೊಲಿದರೆ ಆಯ್ತು. ಮೇರಿಯನ್ನು ನೋಡದವರೂ ಮೇರಿಯ ಕ್ವಿಲ್ಟ್ ಮಾಡಬಹುದು, ಯಾಕಂದ್ರೆ ಕಾಗದ ಉಳಿದಿದೆ.

ನಮ್ಮ ಕಡೆಯೂ ಹೂವಿದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿದ ತ್ರಿಕೋನದ ಹೂ ಇಡ್ತಾರೆ. ನಕ್ಷೆ ಇಲ್ಲ, ಎಲ್ಲಾ ಕೈಯಲ್ಲೇ, ಕಣ್ಣಲ್ಲೇ. ಕಲಿಯೋಕೆ ಪಕ್ಕದಲ್ಲಿ ಕೂರಬೇಕು. ನಾವೋ ಈಸಾ ಟೌನ್‌ನಲ್ಲಿದ್ದೀವಿ.

ಹಾಗಾಗಿ ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ಮನೆಯ ಕೌದಿಯನ್ನು ಅಂಗಳದಲ್ಲಿ ಹರಡಿ ಫೋಟೋ ತೆಗೆಯೋಣ, ಕಾಗದದ ಮೇಲೆ ತುಂಡುಗಳ ಅಳತೆ ಬರೆದುಕೊಳ್ಳೋಣ, ಪಕ್ಕದಲ್ಲಿ ಹೊಲಿದವರ ಹೆಸರನ್ನೂ ಬರೆಯೋಣ. ಬಟ್ಟೆ ಎಷ್ಟು ಜೋಪಾನ ಮಾಡಿದರೂ ಒಂದು ದಿನ ಸವೆಯುತ್ತೆ. ಹೆಸರು ಸವೆಯಬೇಕಾಗಿಲ್ಲ.