ಬುಕ್ಕರಾಯನ ಮತನಿಷ್ಠೆಯೂ ಪರಮತಸಹನೆಯೂ

ವಿಜಯನಗರದ ಒಂದನೆಯ ಬುಕ್ಕರಾಯನು ಸಂಗಮನ ಐವರು ಮಕ್ಕಳಲ್ಲೊಬ್ಬನು. ಅಣ್ಣನಾದ ಹರಿಹರನು 1356ರಲ್ಲಿ ತೀರಿಕೊಳ್ಳಲು ರಾಜ್ಯಭಾರವನ್ನು ವಹಿಸಿ 1377ರ ವರೆಗೆ ಆಳಿದನು. ಆತನ ಮತನಿಷ್ಠೆಯನ್ನು ಕುರಿತು ಸಂದೇಹಕ್ಕೆ ಎಡೆಯಿಲ್ಲ. ರಾಜಶಾಸನಗಳ ಅಂಕಿತವು ಶ್ರೀ ವಿರೂಪಾಕ್ಷನದು. ಕಾಳಾಮುಖ ಶೈವರಾದ ಕಾಶೀವಿಲಾಸ ಕ್ರಿಯಾಶಕ್ತಿಗಳು ಆ ಮನೆತನದ ಗುರುಗಳು. 1346ರಲ್ಲಿ ಸೋದರರೊಡನೆ ಶೃಂಗೇರಿಗೆ ದತ್ತಿಯನ್ನಿತ್ತವನೂ, ಸಾಯಣಾಚಾರ್ಯರ ವೇದಭಾಷ್ಯಕ್ಕೆ ಆಶ್ರಯವಾದವನೂ ಈತನೇ. ಭೀಮಕವಿಯ ಕನ್ನಡ ಬಸವಪುರಾಣವು ಮುಗಿದ 1369ನೆಯ ವರ್ಷವು ಈತನ ಆಳಿಕೆಯೊಳಗೇ ಬರುವುದೆಂಬುದು ಶರಣಸಂತತಿಯವರು ನೆನೆಯತಕ್ಕ ಸಂಗತಿಯಾಗಿದೆ.

ಇಂತಹ ನಿಷ್ಠಾವಂತನು ಪರಮತದವರನ್ನು ಹೇಗೆ ಕಂಡನೆಂಬುದಕ್ಕೆ ಶಕ 1290ರ, ಎಂದರೆ 1368ನೆಯ ಇಸವಿಯ, ಶ್ರವಣಬೆಳಗೊಳದ ಶಾಸನವೇ ಮುಖ್ಯಸಾಕ್ಷಿ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದೆಡೆಗಳ ಜೈನರು ದೊರೆಗೆ ಮೊರೆಯಿಟ್ಟರು. ಬುಕ್ಕರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಮೊದಲಾದ ಸ್ಥಾನಗಳ ಆಚಾರ್ಯರನ್ನು ಕೂಡಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಮೊದಲಿನಂತೆ ಸಲ್ಲತಕ್ಕವಾದವು. ಬರಿಯ ಮಾತಿನಿಂದ ಶಾಂತಿಯು ನಿಲ್ಲದೆಂಬುದನ್ನು ದೊರೆಯು ಬಲ್ಲವನಾಗಿದ್ದನು. ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಎತ್ತಿ, ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಾಳುಗಳನ್ನಿಡಬೇಕು, ಉಳಿದ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಹೊಡೆಯಿಸಬೇಕು ಎಂದು ಏರ್ಪಾಡಾಯಿತು. ಇದನ್ನು ನಡೆಯಿಸುವ ಹೊಣೆಯು ತಿರುಮಲೆಯ ತಾತಯ್ಯನದಾಯಿತು. ಜೈನಕ್ಷೇತ್ರದಲ್ಲಿ ನಿಂತ ಈ ಕಲ್ಲು ಪಾಷಂಡಮತಗಳನ್ನು ಸುಡುವ ಅಗ್ನಿಯೆಂದು ರಾಮಾನುಜರನ್ನು ಸ್ತುತಿಸುವ ಪದ್ಯದಿಂದಲೇ ಮೊದಲಾಗುವುದು ವಿಚಿತ್ರವಾದರೂ, ಯಾರೂ ತಮ್ಮ ನಂಬಿಕೆಯನ್ನು ಬಿಡಬೇಕಾಗಲಿಲ್ಲವೆಂಬುದನ್ನು ಅದೇ ತೋರಿಸುತ್ತದೆ.

ಇದು ಧರ್ಮಬುದ್ಧಿಯಲ್ಲ, ಹೊಸ ರಾಜ್ಯವನ್ನು ನಿಲ್ಲಿಸಿಕೊಳ್ಳುವ ರಾಜನೀತಿ ಎಂದು ವಾದಿಸಬಹುದು. ರಕ್ಷಣೆಯ ವೆಚ್ಚವನ್ನು ನೊಂದವರೇ ಹೊತ್ತರೆಂಬ ಆಕ್ಷೇಪಣೆಯೂ ಸುಳ್ಳಲ್ಲ. ಆದರೆ ಸಂಖ್ಯೆಯಲ್ಲಿಯೂ ಪ್ರಭಾವದಲ್ಲಿಯೂ ಹಿರಿದಾದ ಪಕ್ಷಕ್ಕೆ ಒಲಿಯುವುದೇ ಕೇವಲ ರಾಜನೀತಿಗೆ ಸುಲಭದ ದಾರಿಯಾಗಿತ್ತು. ಬುಕ್ಕನು ಅದನ್ನು ಹಿಡಿಯಲಿಲ್ಲ. ವೈಷ್ಣವರ ಮೇಲೆ ಆತನಿಗೆ ದ್ವೇಷವಿತ್ತೆನ್ನುವಂತೆಯೂ ಇಲ್ಲ. ಆತನ ಮಗ ಕಂಪಣನ ಅಧಿಕಾರಿಯಾದ ಗೋಪಣನೇ 1371ರಲ್ಲಿ ಶ್ರೀರಂಗನಾಥನನ್ನು ಮರಳಿ ಸ್ವಸ್ಥಾನದಲ್ಲಿ ನೆಲೆಗೊಳಿಸಿದನು.

ಇದರ ಎದುರಿಗೆ ಇನ್ನೊಂದನ್ನು ಮುಚ್ಚಿಡಲಾಗದು. 1366ರಲ್ಲಿ ಮುದ್ಗಲ್ಲಿನ ಕೋಟೆಯನ್ನು ಹಿಡಿದಾಗ ಬುಕ್ಕನ ದಂಡು ಒಳಗಿದ್ದವರನ್ನೆಲ್ಲ ಕೊಂದಿತೆಂದೂ, ಬಹಮನಿ ಸುಲ್ತಾನ ಮಹಮ್ಮದಷಾಹನು ಅದಕ್ಕೆ ಘೋರವಾಗಿ ಹಗೆ ತೀರಿಸಿಕೊಂಡನೆಂದೂ ಫೆರಿಸ್ತನ ಚರಿತ್ರೆಯು ಹೇಳುತ್ತದೆ. ಆತನು ಬರೆದುದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಬಹಮನಿಗಳ ಪಕ್ಷವಾಗಿ; ಲೆಕ್ಕಗಳಲ್ಲಿ ಅತಿಶಯೋಕ್ತಿಯಿರಬಹುದು. ಆದರೂ ಆ ಯುದ್ಧವು ಕ್ರೂರವಾಗಿತ್ತೆಂಬುದನ್ನು ಅಲ್ಲಗಳೆಯುವುದು ಕಷ್ಟ. ನ್ಯಾಯಪೀಠದಲ್ಲಿ ತೋರಿದ ಕರುಣೆಯು ರಣರಂಗದವರೆಗೆ ಹೋದಂತೆ ಕಾಣುವುದಿಲ್ಲ. ಇನ್ನು ಮೇಲೆ ಆಯುಧವಿಲ್ಲದವರನ್ನು ಕೊಲ್ಲಬಾರದೆಂಬ ಒಪ್ಪಂದವು ಆ ಯುದ್ಧದ ತರುವಾಯ ಆಯಿತೆಂದು ಅದೇ ಗ್ರಂಥವು ತಿಳಿಸುತ್ತದೆ.

ಬುಕ್ಕನು ತೀರಿಕೊಂಡ ಬಳಿಕ ಆತನ ಮಗ ಎರಡನೆಯ ಹರಿಹರನು ಪಟ್ಟವೇರಿದನು. ಆ ದೊರೆಯ ದಂಡನಾಥನಾದ ಇರುಗಪ್ಪನು ಜೈನನು. ಶಕ 1307ರಲ್ಲಿ ಆತನು ರಾಜಧಾನಿಯೊಳಗೇ ಕುಂಥುಜಿನನಾಥನಿಗೆ ಕಲ್ಲಿನ ಚೈತ್ಯಾಲಯವನ್ನು ಕಟ್ಟಿಸಿದನು. ಗಾಣಗಿತ್ತಿಯ ಗುಡಿಯೆಂಬ ಹೆಸರಿನಿಂದ ಅದು ಹಂಪೆಯಲ್ಲಿ ಈಗಲೂ ನಿಂತಿದೆ.