ಫ್ಲಾರೆನ್ಸ್ ನೈಟಿಂಗೇಲಳೂ ಆಸ್ಪತ್ರೆಯ ನೈರ್ಮಲ್ಯವೂ

ರಾತ್ರಿಯಲ್ಲಿ ದೀಪವನ್ನು ಹಿಡಿದು ರೋಗಿಗಳನ್ನು ವಿಚಾರಿಸುತ್ತಿದ್ದ ಮಹಿಳೆಯೆಂದು ಫ್ಲಾರೆನ್ಸ್ ನೈಟಿಂಗೇಲಳ ಹೆಸರು ಲೋಕಪ್ರಸಿದ್ಧವಾಗಿದೆ. ಆಸ್ಪತ್ರೆಯ ಕಸಕಲ್ಮಷಗಳ ವಿಷಯದಲ್ಲಿ ಆಕೆಯು ಕಲಿತು ಕಲಿಸಿದ ಪಾಠವಾದರೋ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಈಕೆಯು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಐಶ್ವರ್ಯವಂತರಾದ ಆಂಗ್ಲ ದಂಪತಿಗಳಿಗೆ ಜನಿಸಿದಳು. ಆಸ್ಪತ್ರೆಯ ಕೆಲಸವು ಕುಲೀನ ಸ್ತ್ರೀಯರಿಗೆ ತಕ್ಕುದಲ್ಲವೆಂದು ಮನೆಯವರು ಬಹುಕಾಲ ತಡೆದರೂ, 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತಿನಲ್ಲಿ ಶುಶ್ರೂಷೆಯನ್ನು ಅಭ್ಯಾಸಮಾಡಿದಳು.

ಕ್ರಿಮಿಯಾ ಯುದ್ಧದ ಸೈನಿಕರ ಆರೈಕೆಗಾಗಿ 1854ರ ನವೆಂಬರಿನಲ್ಲಿ 38 ಮಂದಿ ಸ್ತ್ರೀಯರೊಡನೆ ತುರ್ಕಿಯ ಸ್ಕುಟಾರಿಗೆ ಬಂದಳು. ಅಲ್ಲಿಯ ಆಸ್ಪತ್ರೆಯು ಹೊರನೋಟಕ್ಕೆ ಭವ್ಯವಾಗಿದ್ದರೂ ಅದರ ಅಡಿಯಲ್ಲಿ ಮೋರಿಗಳು ಕಟ್ಟಿಕೊಂಡು ನಾರುತ್ತಿದ್ದುವು. ಈಕೆಯು ನೆಲವನ್ನು ತಿಕ್ಕಿಸಿದಳು, ಬಟ್ಟೆಗಳನ್ನು ಒಗೆಯಿಸಿದಳು, ಪಥ್ಯಾಹಾರವನ್ನು ಒದಗಿಸಿದಳು. ಆದರೂ 1855ರ ಫೆಬ್ರವರಿಯಲ್ಲಿ ನೂರಕ್ಕೆ 42 ಮಂದಿ ರೋಗಿಗಳು ಮೃತರಾದರು. ಗಾಯಗಳಿಗಿಂತಲೂ ಭೇದಿ, ಜ್ವರ ಮೊದಲಾದ ರೋಗಗಳಿಗೆ ಬಲಿಯಾದವರೇ ಹೆಚ್ಚು. ಮಾರ್ಚಿ ತಿಂಗಳಲ್ಲಿ ಸರಕಾರವು ಕಳುಹಿಸಿದ ನೈರ್ಮಲ್ಯ ಆಯೋಗದವರು ಬಂದು ಮೋರಿಗಳನ್ನು ತೊಳೆಯಿಸಿ, ರಾಶಿಬಿದ್ದ ಕಸವನ್ನೂ ಸತ್ತ ಪ್ರಾಣಿಗಳನ್ನೂ ಸಾಗಿಸಿ, ಗೋಡೆಗಳಿಗೆ ಸುಣ್ಣ ಬಳಿಯಿಸಿ, ಗಾಳಿಯಾಡುವಂತೆ ಮಾಡಿದರು. ಜೂನ್ ತಿಂಗಳಲ್ಲಿ ಮರಣವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

ಸೈನಿಕರು ಹಸಿವು ಬಳಲಿಕೆಗಳಿಂದಲೇ ಸತ್ತರೆಂದು ಆಕೆಯು ಮೊದಲು ಬಗೆದಿದ್ದಳು. ಸ್ವದೇಶಕ್ಕೆ ಮರಳಿ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನ ಸಹಾಯದಿಂದ ಲೆಕ್ಕಗಳನ್ನು ಪರಿಶೋಧಿಸಲು, ಆಸ್ಪತ್ರೆಯ ಹೊಲಸೇ ಬಹುಮಂದಿಯನ್ನು ಕೊಂದಿತೆಂಬುದು ಸ್ಪಷ್ಟವಾಯಿತು. ತಾನೇ ಹಗಲಿರುಳು ದುಡಿದ ಸ್ಥಳದ ವಿಷಯವಾದರೂ ಆ ಕಠಿನ ಸತ್ಯವನ್ನು ಮರೆಮಾಚದೆ, 1858ರಲ್ಲಿ ರೇಖಾಚಿತ್ರಗಳ ಮೂಲಕ ಅಧಿಕಾರಿಗಳಿಗೆ ತೋರಿಸಿಕೊಟ್ಟಳು. ರೋಗಿಯ ಮಲಪಾತ್ರೆಯನ್ನು ತೆರೆದಿಡದೆ ಕೂಡಲೇ ಹೊರಗೊಯ್ದು ತೊಳೆಯಬೇಕೆಂದೂ, ಇಂತಹ ಕೆಲಸವು ತನ್ನದಲ್ಲವೆನ್ನುವವಳು ದಾದಿಯ ವೃತ್ತಿಗೆ ತಕ್ಕವಳಲ್ಲವೆಂದೂ ತನ್ನ ಗ್ರಂಥದಲ್ಲಿ ಬೋಧಿಸಿದಳು. 1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆಯು ಆರಂಭವಾಯಿತು. 1910ನೆಯ ಇಸವಿ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ, ಆಕೆಯು ದೈವಾಧೀನಳಾದಳು.

ಇಂದು ನಮ್ಮ ದೇಶದ ಆಸ್ಪತ್ರೆಗಳಲ್ಲಿ 2016ರ ನಿಯಮಗಳಂತೆ ರಕ್ತಸಿಕ್ತ ಹತ್ತಿಯು ಹಳದಿ ಚೀಲಕ್ಕೂ, ಬಳಸಿದ ಪ್ಲಾಸ್ಟಿಕ್ ಕೊಳವೆಗಳು ಕೆಂಪಿಗೂ, ಸೂಜಿಗಳು ಚುಚ್ಚಿ ಹೊರಬಾರದ ಬಿಳಿಯ ಡಬ್ಬಿಗೂ, ಗಾಜು ನೀಲಿಗೂ ಸೇರತಕ್ಕದ್ದು. ಬಣ್ಣಗಳನ್ನು ಬಾಯಿಪಾಠಮಾಡುವುದು ಸುಲಭ. ತಪ್ಪು ಚೀಲಕ್ಕೆ ಬಿದ್ದ ಒಂದು ಸೂಜಿಯು ಕಸವೊಯ್ಯುವ ಬಡವನ ಕೈಯನ್ನು ಚುಚ್ಚಿ ರೋಗವನ್ನು ಅಂಟಿಸಬಹುದೆಂದು ಅರಿತು ನಡೆಯುವುದೇ ವಿದ್ಯೆ. ಈ ಶಾಲೆಯಿಂದ ಹೊರಟು ದಾದಿಯರೂ ವೈದ್ಯೆಯರೂ ಆದ ನಮ್ಮ ಹೆಣ್ಣುಮಕ್ಕಳು ಈ ಕೆಲಸವನ್ನು ಕೀಳೆಂದು ಎಣಿಸದಿರಲಿ. ತಾಯಿತಂದೆಗಳೂ ಮನೆಯಲ್ಲಿ ಹಾಗೆಯೇ ಕಲಿಸಲಿ.